ಗೇರಿಲ್ಲದ ಗಾಡಿಯ ಹೊಟ್ಟೆ ಬಿಚ್ಚಿದಾಗ

ನಿಮ್ಮ ಮನೆಯಲ್ಲೂ ಒಂದು ಗೇರಿಲ್ಲದ ಸ್ಕೂಟರ್ ಇರಬಹುದು. ಕೀಲಿ ತಿರುಗಿಸಿ, ಗುಂಡಿ ಒತ್ತಿ, ಆಕ್ಸಿಲರೇಟರ್ ತಿರುವಿದರೆ ಸಾಕು, ಹೊರಟೇ ಹೋಗುತ್ತೆ. ಅದಕ್ಕೇ ನಾವು ಹೆಂಗಸರು ಅದನ್ನು ಇಷ್ಟೊಂದು ಹಚ್ಚಿಕೊಂಡಿರೋದು. 1972ರಲ್ಲಿ ಬಂದ ಬಜಾಜ್ ಚೇತಕ್‌ನಲ್ಲಿ ಎಡಗೈಯಲ್ಲಿ ಕ್ಲಚ್ ಹಿಡಿದು, ಅದೇ ಹಿಡಿಯನ್ನು ತಿರುಚಿ ಗೇರು ಹಾಕಬೇಕಿತ್ತು. ಹಿಂದೆ ಅತ್ತೆ, ಮುಂದೆ ಮಗು, ಕಾಲ ಹತ್ತಿರ ತರಕಾರಿ ಚೀಲ ಇಟ್ಟುಕೊಂಡು ಅದನ್ನು ಓಡಿಸುವುದಕ್ಕೆ ಎಷ್ಟು ಜನಕ್ಕೆ ಧೈರ್ಯ ಬಂದೀತು? 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂತು, ಆಮೇಲೆ ಅದರ ಹಿಂದೆ ಸಾಲಾಗಿ ಬೇರೆಯವೂ ಬಂದವು. ಗೇರಿನ ಗೊಡವೆ ತಪ್ಪಿತು ಅಂದುಕೊಂಡೆವು.

ಆದರೆ ಗೇರು ಎಲ್ಲಿಗೂ ಹೋಗಿಲ್ಲ, ಸೋದರಿಯರೇ. ಎಡಗೈಯಿಂದ ಇಳಿದು ಗಾಡಿಯ ಎಡ ಹೊಟ್ಟೆಯೊಳಗೆ ಹೋಗಿ ಕೂತಿದೆ, ಅಷ್ಟೆ. ಅಲ್ಲಿ ಕೂತು ತನ್ನಷ್ಟಕ್ಕೆ ತಾನೇ ಬದಲಾಗ್ತಾ ಇರುತ್ತೆ. ಅದು ಕೆಟ್ಟಾಗ ಮಾತ್ರ ಅಲ್ಲೊಂದು ಯಂತ್ರ ಇದೆ ಅಂತ ಗೊತ್ತಾಗುವುದು. ನನಗೆ ಗೊತ್ತಾಗಿದ್ದು ಹೋದ ವರ್ಷದ ಜುಲೈ ತಿಂಗಳಲ್ಲಿ.

ನಾವಿರುವುದು ಸಕಲೇಶಪುರದಲ್ಲಿ. ಈ ಕಡೆಗೆ ಬಂದವರಿಗೆ ನಮ್ಮ ಊರಿನ ಏರು ಇಳಿತ ಹೇಳಬೇಕಾಗಿಲ್ಲ. ನಮ್ಮ ಮನೆಗೆ ಬರಬೇಕಾದರೆ ಕೊನೆಯ ತಿರುವಿನಲ್ಲಿ ಒಂದು ಏರು ಇದೆ, ಮಳೆಗಾಲದಲ್ಲಿ ನಡೆದು ಹತ್ತುವವರೂ ಒಮ್ಮೆ ನಿಂತು ಸೊಂಟಕ್ಕೆ ಕೈ ಕೊಡ್ತಾರೆ. ನಮ್ಮ ಅತ್ತೆಗೆ ಎರಡೂ ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ವ್ಯಾಯಾಮ ಮಾಡಿಸಲು ಕರೆದುಕೊಂಡು ಹೋಗಬೇಕು. ಯಜಮಾನರ ಕೆಲಸ ಮಂಗಳೂರಿನಲ್ಲಿ, ಬರುವುದು ಶನಿವಾರ ರಾತ್ರಿ, ಅದೂ ಘಾಟಿಯಲ್ಲಿ ಗುಡ್ಡ ಕುಸಿಯದಿದ್ದರೆ. ಹಾಗಾಗಿ ಅತ್ತೆಯ ಮಂಡಿಗೂ ನನ್ನ ಸ್ಕೂಟರಿಗೂ ನೇರ ಸಂಬಂಧ.

ಆ ಏರಿನಲ್ಲಿ ಒಂದು ದಿನ ಎಂಜಿನ್ ಗುರ್ ಅಂತ ಕೂಗ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗ್ತಿಲ್ಲ. ನಿಂತಲ್ಲೇ ನಡುಗಿ, ನಿಧಾನಕ್ಕೆ ಹಿಂದಕ್ಕೆ ಜಾರೋಕೆ ಶುರು. ಎರಡು ಬ್ರೇಕೂ ಹಿಡಿದು, ಕಾಲೂರಿ ನಿಂತೆ. ಅತ್ತೆ ಒಂದು ಮಾತೂ ಆಡದೆ ನನ್ನ ಭುಜವನ್ನು ಹಿಡಿದಿದ್ದರಲ್ಲ, ಆ ಹಿಡಿತದ ಗುರುತು ಸಂಜೆವರೆಗೂ ಇತ್ತು.

ಮರುದಿನ ವರ್ಕ್‌ಶಾಪಿಗೆ ತಗೊಂಡು ಹೋದೆ. ಹುಡುಗ ಒಂದು ಸುತ್ತು ಓಡಿಸಿಕೊಂಡು ಬಂದು, "ಪೂರಾ ಸೆಟ್ ಹೋಗಿದೆ, 5,200 ಆಗುತ್ತೆ" ಅಂದ. ಏನು ಹೋಗಿದೆ, ಯಾಕೆ ಹೋಗಿದೆ, ಬಿಚ್ಚಿ ತೋರಿಸಪ್ಪಾ ಅಂದೆ. ಆಗ ಒಳಗಿನಿಂದ ಮಾಲೀಕರು ಬಂದು, ಬಹಳ ಮರ್ಯಾದೆಯಿಂದಲೇ, "ಯಜಮಾನ್ರನ್ನ ಕಳಿಸೀಮ್ಮಾ, ಅವರ ಹತ್ತಿರ ಮಾತಾಡ್ತೀನಿ" ಅಂದರು. ದುಡ್ಡಿನ ಲೆಕ್ಕಕ್ಕಿಂತ ಆ ಮಾತೇ ನನ್ನನ್ನು ಚುಚ್ಚಿದ್ದು. ನಮ್ಮ ಯಜಮಾನರಿಗೆ ಆ ಗಾಡಿಯ ಪೆಟ್ರೋಲ್ ಮುಚ್ಚಳ ಎಲ್ಲಿದೆ ಅಂತ ಗೊತ್ತು, ಅದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ. 31,000 ಕಿಲೋಮೀಟರ್ ಓಡಿಸಿದವಳು ನಾನು!

ನಮ್ಮ ಬೀದಿಯ ಕೊನೆಯಲ್ಲಿ ರಾಯರೊಬ್ಬರಿದ್ದಾರೆ. ಸಾರಿಗೆ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಈಗ ಕೈ ನಡುಗುತ್ತೆ, ಪಾನ ಹಿಡಿಯೋಕೆ ಆಗಲ್ಲ. ಅವರ ಹತ್ತಿರ ಹೇಳಿಕೊಂಡೆ. "ಅದೇನು ಬ್ರಹ್ಮವಿದ್ಯೆ ಅಲ್ಲಮ್ಮಾ. ಕೈ ನಿಂದು, ಬಾಯಿ ನಂದು. ಭಾನುವಾರ ಬಿಚ್ಚೋಣ" ಅಂದರು. ಅತ್ತೆ ಕೇಳಿಸಿಕೊಂಡು, "ಅಡುಗೆಗೆ ರಜಾನಾ?" ಅಂತ ಮಾತ್ರ ಕೇಳಿದರು.

ಬಿಚ್ಚುವ ಮೊದಲು ಒಳಗೇನಿದೆ ಅಂತ ರಾಯರು ಕಾಗದದ ಮೇಲೆ ಬರೆದು ತೋರಿಸಿದರು. ನಿಮಗೂ ಹೇಳ್ತೀನಿ, ಇಷ್ಟು ತಿಳಿದರೆ ಅರ್ಧ ಭಯ ಹೋಗುತ್ತೆ. ಹಿಟ್ಟಿನ ಗಿರಣಿ ನೋಡಿದ್ದೀರಲ್ಲ? ಮೋಟಾರಿಗೊಂದು ಚಕ್ರ, ಕಲ್ಲಿಗೊಂದು ಚಕ್ರ, ಎರಡನ್ನೂ ಸುತ್ತಿದ ಒಂದು ಬೆಲ್ಟು. ಸ್ಕೂಟರಿನೊಳಗೂ ಇರುವುದು ಅದೇ. ಮುಂದೆ ಎಂಜಿನ್ನಿಗೊಂದು ಪುಲ್ಲಿ, ಹಿಂದೆ ಚಕ್ರದ ಕಡೆಗೊಂದು ಪುಲ್ಲಿ. ಆದರೆ ಈ ಪುಲ್ಲಿಗಳು ಒಂದೇ ತುಂಡಲ್ಲ. ಎರಡು ತಟ್ಟೆಗಳನ್ನು ಬೆನ್ನುಬೆನ್ನಿಗೆ ಇಟ್ಟ ಹಾಗೆ, ಮಧ್ಯೆ ಇಳಿಜಾರಾದ ಕಣಿವೆ, ಆ ಕಣಿವೆಯಲ್ಲಿ ಬೆಲ್ಟು. ತಟ್ಟೆಗಳು ಹತ್ತಿರ ಬಂದರೆ ಬೆಲ್ಟು ಮೇಲಕ್ಕೆ ಏರುತ್ತೆ, ದೂರ ಸರಿದರೆ ಕೆಳಕ್ಕೆ ಇಳಿಯುತ್ತೆ.

ಈಗ ಮುಂದಿನ ತಟ್ಟೆಯ ಬೆನ್ನಿಗೆ ಅಡಿಕೆ ಗಾತ್ರದ ಆರು ರೋಲರುಗಳಿವೆ. ಎಂಜಿನ್ ಜೋರಾಗಿ ತಿರುಗಿದಾಗ, ಮೊಸರು ಕಡೆಯುವಾಗ ಮಜ್ಜಿಗೆ ಪಾತ್ರೆಯ ಅಂಚಿಗೆ ಹಾರುತ್ತಲ್ಲ, ಹಾಗೆ ಅವು ಹೊರಕ್ಕೆ ಹಾರಿ ತಟ್ಟೆಯನ್ನು ಒಳಕ್ಕೆ ತಳ್ಳುತ್ತವೆ. ಮುಂದೆ ಬೆಲ್ಟು ಮೇಲಕ್ಕೆ ಬಂತು ಅಂದರೆ ಹಿಂದಿನ ಪುಲ್ಲಿಯಲ್ಲಿ ಸ್ಪ್ರಿಂಗನ್ನು ಒತ್ತಿಕೊಂಡು ಕೆಳಕ್ಕೆ ಇಳಿಯಲೇಬೇಕು. ಹೊರಡುವಾಗ ಮುಂದೆ ಸಣ್ಣ ಸುತ್ತು, ಹಿಂದೆ ದೊಡ್ಡ ಸುತ್ತು, ಅದು ಒಂದನೇ ಗೇರು ಅಂದುಕೊಳ್ಳಿ. ವೇಗ ಬಂದ ಹಾಗೆ ಅದು ತಿರುವುಮುರುವು. ಹಿಂದಿನ ಪುಲ್ಲಿಗೆ ಅಂಟಿಕೊಂಡು ಕ್ಲಚ್ ಶೂ, ಅದರ ಮೇಲೆ ಗಂಟೆಯಂಥ ಒಂದು ಬಟ್ಟಲು. ಶೂಗಳು ವೇಗಕ್ಕೆ ಅರಳಿ ಬಟ್ಟಲನ್ನು ಕಚ್ಚಿದಾಗ ಚಕ್ರ ತಿರುಗುತ್ತೆ. ಇದೇ ಉಪಾಯವನ್ನು ನೆದರ್‌ಲ್ಯಾಂಡಿನ ಡಾಫ್ ಕಂಪನಿ 1958ರಲ್ಲೇ ತನ್ನ ಸಣ್ಣ ಕಾರಿಗೆ ಹಾಕಿತ್ತಂತೆ. ಎಷ್ಟು ಸರಳ ನೋಡಿ!

(ಈಗಿನ ದೊಡ್ಡ ಆಟೋಮ್ಯಾಟಿಕ್ ಕಾರುಗಳ ಪೆಟ್ಟಿಗೆ ಹೀಗಲ್ಲ. ಹೆಚ್ಚಿನವುಗಳಲ್ಲಿ ಎಣ್ಣೆಯ ಒತ್ತಡ, ಒಳಗೊಳಗೇ ಸುತ್ತುವ ಹಲ್ಲಿನ ಚಕ್ರಗಳು, ಅದನ್ನು ಇಳಿಸೋಕೇ ಜಾಕು ಬೇಕು. ಹೊರದೇಶದಲ್ಲಿ ಮನೆಯಲ್ಲೇ ಅದನ್ನೂ ಇಳಿಸುವ ಗಟ್ಟಿಗರಿದ್ದಾರೆ. ನಾನು ಹೇಳ್ತಿರೋದು ಸ್ಕೂಟರಿನ ಮಾತು ಮಾತ್ರ.)

ಬೆಲ್ಟು ಸವೆದರೆ ಅಗಲ ಕಡಿಮೆಯಾಗುತ್ತೆ. ಅಗಲ ಕಡಿಮೆಯಾದರೆ ಹಿಂದಿನ ಕಣಿವೆಯಲ್ಲಿ ಮೇಲೆ ನಿಲ್ಲಬೇಕಾದ್ದು ಕೆಳಗೆ ಕೂರುತ್ತೆ, ಏರಿನಲ್ಲಿ ಹೊರಡುವ ಶಕ್ತಿ ಹೋಗುತ್ತೆ. ಮುಂದಿನ ಪುಲ್ಲಿಯಲ್ಲೂ ಅಷ್ಟು ಮೇಲಕ್ಕೆ ಏರಲ್ಲ, ನೇರ ರಸ್ತೆಯ ವೇಗವೂ ಹೋಗುತ್ತೆ. ನನ್ನ ಗಾಡಿ ಎರಡನ್ನೂ ಕಳೆದುಕೊಂಡಿತ್ತು. ಸಾಮಾನ್ಯವಾಗಿ 20 ರಿಂದ 25 ಸಾವಿರ ಕಿಲೋಮೀಟರಿಗೆ ಬೆಲ್ಟು ಬದಲಾಯಿಸಿ ಅಂತ ಗಾಡಿಯ ಪುಸ್ತಕಗಳಲ್ಲಿರುತ್ತೆ. ಆ ಪುಸ್ತಕ ನಿಮ್ಮ ಮನೆಯಲ್ಲಿ ಎಲ್ಲಿದೆ? ಒಮ್ಮೆ ತೆಗೆದು ನೋಡಿ.

ಸಾಮಾನು ತರೋಕೆ ಹೋದಾಗ ಅಂಗಡಿಯವನು ಮೊದಲು ಬೇರೆ ಮಾದರಿಯ ಬೆಲ್ಟು ಕೊಟ್ಟ. "ಎಲ್ಲಾ ಒಂದೇ ಮೇಡಂ" ಅಂದ. ರಾಯರು ಮೊದಲೇ ಎಚ್ಚರಿಸಿದ್ದರು, ಬೆಲ್ಟಿನ ಮೇಲೆ ಅಂಕಿ ಇರುತ್ತೆ, ಅದನ್ನೇ ಹೇಳಿ ತಗೋ ಅಂತ. ಚೀಟಿ ತೆಗೆದು ಓದಿದೆ. ಅವನು ಒಳಗೆ ಹೋಗಿ ಸರಿಯಾದದ್ದು ತಂದ. ಬ್ಲೌಸ್ ಪೀಸಿಗೆ ಸೆರಗಿನ ಬಣ್ಣ ಹೋಲಿಸೋಕೆ ನಾಲ್ಕು ಅಂಗಡಿ ಸುತ್ತುವ ನಮಗೆ ಅಂಕಿ ಹೋಲಿಸುವುದು ಕಷ್ಟವೇ? ಬೆಲ್ಟು 560 ರೂಪಾಯಿ, ಆರು ರೋಲರಿಗೆ 210, ರೋಲರು ಕೂರುವ ತಟ್ಟೆಯ ಅಂಚಿಗೆ ಹಾಕುವ ಮೂರು ಪ್ಲಾಸ್ಟಿಕ್ ತುಂಡಿಗೆ 60, ಮುಚ್ಚಳದ ಗ್ಯಾಸ್ಕೆಟ್ 90, ಒಂದು 8 ನಂಬರಿನ ಟಿ ಸ್ಪ್ಯಾನರ್ 120. ಒಟ್ಟು 1,040. ಉಳಿದ ಪಾನಗಳು ರಾಯರವು.

ಭಾನುವಾರ ತಿಂಡಿ ಮುಗಿಸಿ ಒಂಬತ್ತೂವರೆಗೆ ಶುರು. ಸೀರೆ ಬೇಡ ಅಂತ ಹಳೇ ಚೂಡಿದಾರ್, ದುಪಟ್ಟಾ ಇಲ್ಲ. ಬಳೆ ತೆಗೆದಿಟ್ಟೆ, ಸರ ಒಳಕ್ಕೆ ಸೇರಿಸಿದೆ, ಜಡೆ ಮೇಲಕ್ಕೆ ಕಟ್ಟಿದೆ. ಗಾಡಿ ತಣ್ಣಗಿರಬೇಕು, ದೊಡ್ಡ ಸ್ಟ್ಯಾಂಡ್ ಹಾಕಿರಬೇಕು, ಕೀಲಿ ಗಾಡಿಯಲ್ಲಿರಬಾರದು. ಕೀಲಿಯನ್ನು ಅತ್ತೆಯ ಸೊಂಟಕ್ಕೆ ಸಿಕ್ಕಿಸಿದೆ. ಮುಚ್ಚಳ ತೆಗೆದಿರುವಾಗ ಎಂಜಿನ್ ಶುರುವಾದರೆ ಆ ಬೆಲ್ಟಿಗೆ ಬಟ್ಟೆ, ಕೂದಲು, ಬೆರಳು ಯಾವುದೂ ಭೇದವಿಲ್ಲ. ಈ ಒಂದು ವಿಷಯದಲ್ಲಿ ರಾಯರು ತಮಾಷೆ ಮಾಡಲಿಲ್ಲ.

ಎಡ ಮುಚ್ಚಳದ ಸುತ್ತ ಬೋಲ್ಟುಗಳು, ಕೆಲವು ಉದ್ದ, ಕೆಲವು ಗಿಡ್ಡ. ಎಲ್ಲಿಂದ ತೆಗೆದದ್ದು ಅಲ್ಲಿಗೇ ಹೋಗಬೇಕು. ಇದಕ್ಕೆ ನನ್ನದೇ ಒಂದು ಉಪಾಯ ಹೂಡಿದೆ. ಸೀರೆ ಡಬ್ಬಿಯ ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಯಾವ ತೂತಿನ ಬೋಲ್ಟೋ ಆ ಜಾಗದಲ್ಲೇ ರಟ್ಟಿಗೆ ಚುಚ್ಚಿಟ್ಟೆ. ರಾಯರು ಕನ್ನಡಕ ಸರಿಮಾಡಿಕೊಂಡು ನೋಡಿ, "ಡಿಪೋದಲ್ಲಿ ಇದು ಯಾರಿಗೂ ಹೊಳೀಲಿಲ್ವಲ್ಲಮ್ಮಾ" ಅಂದರು. ಮುಚ್ಚಳ ಅಂಟಿಕೊಂಡಿತ್ತು. ಸ್ಕ್ರೂ ಡ್ರೈವರ್ ತೂರಿಸಿ ಎಬ್ಬಿದರೆ ಅಂಚು ಗೀರಿಹೋಗುತ್ತೆ, ಆಮೇಲೆ ಅಲ್ಲಿಂದ ನೀರು, ಧೂಳು. ಲಟ್ಟಣಿಗೆಯಿಂದ ಸುತ್ತ ಮೆಲ್ಲಗೆ ತಟ್ಟಿದೆ. ಬಿಟ್ಟುಕೊಂಡಿತು. (ಆ ಲಟ್ಟಣಿಗೆ ಈಗ ಗಾಡಿಯ ಪಾಲಿಗೇ ಹೋಗಿದೆ.)

ಒಳಗೆ ಕರೀ ಧೂಳು, ದೀಪದ ಕಾಡಿಗೆ ಹಿಡಿದ ಹಾಗೆ. ಬೆಲ್ಟಿನದು, ಕ್ಲಚ್ಚಿನದು. ಊದಬೇಡಿ, ಉಸಿರಿನ ಜೊತೆ ಒಳಗೆ ಹೋಗಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆ.

ಕಷ್ಟ ಬಂದದ್ದು ಮುಂದಿನ ದೊಡ್ಡ ನಟ್ಟಿನಲ್ಲಿ. ಪಾನ ಹಾಕಿ ತಿರುಗಿಸಿದರೆ ಪುಲ್ಲಿಯೇ ತಿರುಗುತ್ತೆ. ಪುಲ್ಲಿಗೆ ಫ್ಯಾನಿನ ಹಾಗೆ ರೆಕ್ಕೆಗಳಿವೆ, ಅದರಲ್ಲಿ ಏನಾದರೂ ಸಿಕ್ಕಿಸಿ ತಡೆಯೋಣ ಅನ್ನಿಸುವುದು ಸಹಜ, ಆದರೆ ರೆಕ್ಕೆ ಮುರಿಯುತ್ತೆ. ಅದಕ್ಕೆ ಎರಡು ಕೈಗಳಿರುವ ಒಂದು ಹಿಡಿ ಇದೆ, ಹೋಲ್ಡರ್ ಅಂತಾರೆ. ರಾಯರ ಹತ್ತಿರ ಇತ್ತು. ಒಂಬತ್ತನೇ ಕ್ಲಾಸಿನ ನನ್ನ ಮಗ ಅದನ್ನು ಹಿಡಿದು ಕೂತ, ನಾನು ಪಾನದ ತುದಿಗೆ ಒಂದು ಕಬ್ಬಿಣದ ಕೊಳವೆ ತೂರಿಸಿ ಎಳೆದೆ. ಒಂದು ಸಲ, ಎರಡು ಸಲ, ಊಹೂಂ. ಕೈ ಕೆಂಪಾಯಿತು. ಮಗ, "ಅಮ್ಮಾ, ವರ್ಕ್‌ಶಾಪಿಗೇ ಕೊಡೋಣ" ಅಂದ. ಹೊರಗೆ ಮಳೆ ಬೇರೆ ಶುರುವಾಯಿತು. ಬಿಚ್ಚಿ ಹರಡಿದ ಗಾಡಿಯನ್ನು ವರ್ಕ್‌ಶಾಪಿಗೆ ಹೇಗೆ ಕೊಡೋದು, ಮಂಗಳವಾರ ಅತ್ತೆಯನ್ನು ಹೇಗೆ ಕರಕೊಂಡು ಹೋಗೋದು ಅಂತ ಒಂದು ಗಳಿಗೆ ಹೊಟ್ಟೆಯಲ್ಲಿ ಸಂಕಟವಾದದ್ದು ನಿಜ. ಕೊಳವೆಯನ್ನು ಇನ್ನೊಂದು ಗೇಣು ಹೊರಗೆ ಸರಿಸಿ, ಕಾಲನ್ನು ಗೋಡೆಗೆ ಕೊಟ್ಟು ಎಳೆದಾಗ ಟಕ್ ಅಂತು. ಆ ಶಬ್ದ ಕೇಳಿ ಒಳಗಿದ್ದ ಅತ್ತೆ, "ಏನು ಮುರೀತೇ?" ಅಂದರು.

ಆಮೇಲಿನದು ಸಲೀಸು. ಹಿಂದಿನ ಬಟ್ಟಲಿನ ನಟ್ಟು ಬಿಚ್ಚಿ, ಬಟ್ಟಲು ತೆಗೆದು, ಪುಲ್ಲಿಯನ್ನೂ ಬೆಲ್ಟನ್ನೂ ಒಟ್ಟಿಗೆ ಎಳೆದುಕೊಂಡದ್ದಾಯಿತು. ಹಳೇ ಬೆಲ್ಟನ್ನು ಮಡಿಸಿ ನೋಡಿದರೆ ಹಲ್ಲಿನ ಸಂದಿಯಲ್ಲೆಲ್ಲ ಬಿರುಕು, ಬೇಸಿಗೆಯ ಗದ್ದೆಯ ಹಾಗೆ. ಹೊಸದರ ಪಕ್ಕದಲ್ಲಿ ಇಟ್ಟರೆ ಅಗಲದಲ್ಲಿ ಕಣ್ಣಿಗೇ ಕಾಣುವಷ್ಟು ವ್ಯತ್ಯಾಸ. ರೋಲರುಗಳು ದುಂಡಗಿರಬೇಕಾದವು, ಒಂದು ಬದಿ ಚಪ್ಪಟೆಯಾಗಿದ್ದವು. ಚಪ್ಪಟೆಯಾದ ರೋಲರು ಉರುಳದೆ ಜಾರುತ್ತೆ, ಕೆಲವೊಮ್ಮೆ ಅಲ್ಲೇ ಸಿಕ್ಕಿ ನಿಲ್ಲುತ್ತೆ. ಗಾಡಿ ನಿಂತಾಗ ಕಟಕಟ ಸದ್ದು ಬರ್ತಿದ್ದದ್ದೂ ಇವುಗಳದ್ದೇ. ಆರನ್ನೂ ಒಟ್ಟಿಗೆ, ಒಂದೇ ತೂಕದವನ್ನು ಹಾಕಬೇಕು. ಒಂದು ಬದಿ ಮುಚ್ಚಿ, ಇನ್ನೊಂದು ಬದಿ ತೆರೆದಿರುತ್ತವೆ, ಯಾವ ಬದಿ ಎತ್ತ ನೋಡ್ತಿತ್ತು ಅಂತ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಪುಲ್ಲಿಯ ಮುಖಕ್ಕೂ ಬೆಲ್ಟಿಗೂ ಎಣ್ಣೆ, ಗ್ರೀಸು ಒಂದು ಹನಿಯೂ ಸೋಕಬಾರದು. ಅಡುಗೆಮನೆಯಿಂದ ಎದ್ದು ಬಂದ ಕೈಯಲ್ಲಿ ಮುಟ್ಟುವ ಮುಂಚೆ ಸೋಪು ಹಾಕಿ ತೊಳೆದುಕೊಳ್ಳಿ.

ಜೋಡಿಸುವಾಗ ಒಂದು ಮರ್ಮ ಇದೆ, ಇದನ್ನು ಮಾತ್ರ ಗಮನವಿಟ್ಟು ಓದಿ. ಹೊಸ ಬೆಲ್ಟು ಬಿಗಿಯಾಗಿರುತ್ತೆ. ಮುಂದಿನ ಪುಲ್ಲಿಯ ಎರಡು ತಟ್ಟೆಗಳ ಮಧ್ಯೆ ಅದು ಸಿಕ್ಕಿಕೊಂಡರೆ, ನಟ್ಟು ಬಿಗಿಯಾದ ಹಾಗೆ ಅನ್ನಿಸುತ್ತೆ, ಆದರೆ ಬಿಗಿದಿರೋದು ಬೆಲ್ಟಿನ ಮೇಲೆ. ಓಡಿಸಿದ ಮೇಲೆ ಬೆಲ್ಟು ಸರಿದು ನಟ್ಟು ಸಡಿಲಾಗುತ್ತೆ. ಅದಕ್ಕೆ ಹಿಂದಿನ ಪುಲ್ಲಿಯ ತಟ್ಟೆಗಳನ್ನು ಸ್ಪ್ರಿಂಗಿಗೆ ಎದುರಾಗಿ ಎಳೆದು ಅಗಲಿಸಿ, ಬೆಲ್ಟನ್ನು ಆ ಕಣಿವೆಯ ತಳಕ್ಕೆ ಇಳಿಸಬೇಕು. ಆಗ ಮುಂದೆ ಸಡಿಲ ಸಿಗುತ್ತೆ. ಅಮ್ಮ ಮಗ ಇಬ್ಬರೂ ಸೇರಿ ಅಗಲಿಸಿ, ಬೆಲ್ಟಿನ ಮೇಲಿನ ಬಾಣ ತಿರುಗುವ ದಿಕ್ಕಿಗೆ ನೋಡುವಂತೆ ಕೂರಿಸಿದೆವು. ಮುಂದಿನ ತಟ್ಟೆ ಲೋಹಕ್ಕೆ ಲೋಹ ತಾಗಿ ಕೂತಿದೆ ಅಂತ ರಾಯರು ಟಾರ್ಚ್ ಹಾಕಿ ನೋಡಿ ತಲೆಯಾಡಿಸಿದ ಮೇಲೇ ನಟ್ಟು ಹಾಕಿದ್ದು.

ನಟ್ಟು ಎಷ್ಟು ಬಿಗಿಯಬೇಕು? "ಶಕ್ತಿ ಇದ್ದಷ್ಟು" ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಅದಕ್ಕೆ ಅಂಕಿ ಇದೆ, ನ್ಯೂಟನ್ ಮೀಟರ್ ಅಂತ. ರಾಯರು ನನಗೆ ಅರ್ಥವಾಗುವ ಹಾಗೆ ಹೇಳಿದರು: ಅರ್ಧ ಮೀಟರ್ ಉದ್ದದ ಪಾನವನ್ನು ಅಡ್ಡಕ್ಕೆ ಹಿಡಿದು ಅದರ ತುದಿಗೆ 10 ಕಿಲೋ ಅಕ್ಕಿ ಚೀಲ ನೇತುಹಾಕಿದರೆ ಬೀಳುವ ಬಿಗಿ ಸುಮಾರು 49 ನ್ಯೂಟನ್ ಮೀಟರ್. ನಿಮ್ಮ ಗಾಡಿಯ ಅಂಕಿ ಅದರ ಸರ್ವಿಸ್ ಪುಸ್ತಕದಲ್ಲಿ ನೋಡಿ, ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಅಂಕಿ ಮುಟ್ಟಿದಾಗ ಅದು ಕಟಕ್ ಅನ್ನುತ್ತೆ, ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ಬೆಲ್ಟು ಮೇಲಕ್ಕೆ ಎದ್ದು ಬರುವವರೆಗೂ ಕೈಯಲ್ಲಿ ಪುಲ್ಲಿ ತಿರುಗಿಸಿ, ಹೊಸ ಗ್ಯಾಸ್ಕೆಟ್ ಇಟ್ಟು, ರಟ್ಟಿನಿಂದ ಒಂದೊಂದೇ ಬೋಲ್ಟು ಕಿತ್ತು ಎದುರುಬದುರಾಗಿ ಬಿಗಿದೆ. ರಟ್ಟು ಖಾಲಿ. ಗಂಟೆ ನಾಲ್ಕೂಕಾಲು. ಮಧ್ಯಾಹ್ನದ ಊಟಕ್ಕೆ ಅತ್ತೆಯೇ ಕೂತುಕೊಂಡು ಉಪ್ಪಿಟ್ಟು ಕೆದಕಿದ್ದರು.

ಮೊದಲು ದೊಡ್ಡ ಸ್ಟ್ಯಾಂಡ್ ಮೇಲೇ ಶುರುಮಾಡಿ ನೋಡಿದೆ. ಕಟಕಟ ಇಲ್ಲ. ಆಮೇಲೆ ಒಬ್ಬಳೇ ಸಮತಟ್ಟು ರಸ್ತೆಯಲ್ಲಿ, ಆಮೇಲೆ ಏರಿನಲ್ಲಿ, ಅರ್ಧಕ್ಕೆ ಬೇಕಂತಲೇ ನಿಲ್ಲಿಸಿ ಮತ್ತೆ ಹೊರಡಿಸಿದೆ. ಎಮ್ಮೆ ಎದ್ದು ನಡೆದ ಹಾಗೆ ನಿಧಾನಕ್ಕೆ, ಗಟ್ಟಿಯಾಗಿ ಹತ್ತಿತು. ಸೋಮವಾರ 15 ಕಿಲೋ ಅಕ್ಕಿ ಮೂಟೆ, ಮಗ ಇಬ್ಬರನ್ನೂ ಹಾಕಿಕೊಂಡು ಮೂರು ಸಲ ಹತ್ತಿಸಿ ಇಳಿಸಿದೆ. ಆದರೂ ಮಂಗಳವಾರ ಬೆಳಿಗ್ಗೆ ಅತ್ತೆಯನ್ನು ಕೂರಿಸುವ ಮುನ್ನ ಕೈ ತಣ್ಣಗಾಗಿತ್ತು. ಅಂಗಡಿಯವರು ಮಾಡಿದ ಕೆಲಸ ಕೆಟ್ಟರೆ ಅಂಗಡಿಯವರನ್ನು ಬೈಯಬಹುದು. ಇದು ನಾನು ಬಿಗಿದ ನಟ್ಟು. ಹಿಂದೆ ಕೂರುವುದು 72 ವರ್ಷದ ಜೀವ.

"ಆಟೋ ಕರೀಲಾ ಅತ್ತೆ, ಇವತ್ತೊಂದು ದಿನ?" ಅಂದೆ.

"ಭಾನುವಾರ ಪೂರ್ತಿ ಬಾಗಿಲಲ್ಲಿ ಕೂತು ನೋಡಿದ್ದೀನಿ. ಒಂದು ಬೋಲ್ಟಾದ್ರೂ ಮಿಕ್ಕಿತ್ತೇನೆ? ಇಲ್ಲ ತಾನೆ? ನಡಿ, ಲೇಟಾಗುತ್ತೆ" ಅಂತ ನನ್ನ ಭುಜ ಹಿಡಿದು ಹತ್ತಿ ಕೂತೇಬಿಟ್ಟರು. ಆ ದಿನ ಹೋಗಿ ಬಂದೆವು. ಅದಾದ ಮೇಲೆ ಈ ಮಳೆಗಾಲ, ಚಳಿಗಾಲ ಎಲ್ಲ ಕಳೆದಿದೆ, ಗಾಡಿ 36,000 ದಾಟಿದೆ.

ಎಲ್ಲರೂ ಮನೆಯಲ್ಲೇ ಬಿಚ್ಚಿ ಅಂತ ನಾನು ಹೇಳಲಾರೆ. ಪಕ್ಕದಲ್ಲಿ ಒಬ್ಬರು ತಿಳಿದವರಿಲ್ಲದೆ ನಾನೂ ಕೈ ಹಾಕ್ತಿರಲಿಲ್ಲ. ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರು ಅಂತಲೂ ಅಲ್ಲ, ನಾನು ಒಂದು ದಿನ ಒದ್ದಾಡಿದ್ದನ್ನು ಅವರು ಗಂಟೆಯೊಳಗೆ ಮುಗಿಸ್ತಾರೆ, ಅದಕ್ಕೆ ಕೂಲಿ ಕೊಡಲೇಬೇಕು. ಹಿಂದಿನ ಪುಲ್ಲಿಯ ನಡುವಿನ ದೊಡ್ಡ ಚಪ್ಪಟೆ ನಟ್ಟನ್ನಂತೂ ಯಾರೂ ಮುಟ್ಟಬೇಡಿ. ಅದರ ಕೆಳಗೆ ಒತ್ತಿ ಹಿಡಿದ ಸ್ಪ್ರಿಂಗ್ ಇದೆ, ಸರಿಯಾದ ಸಾಧನವಿಲ್ಲದೆ ಬಿಚ್ಚಿದರೆ ಮುಖಕ್ಕೇ ಹಾರುತ್ತೆ. ನನ್ನ ಕ್ಲಚ್ ಶೂ ಆವಾಗಲೇ ಅರ್ಧ ಸವೆದಿತ್ತು, ಈಗೀಗ ಹೊರಡುವಾಗ ಸ್ವಲ್ಪ ನಡುಗ್ತಿದೆ. ಅದನ್ನು ಬದಲಾಯಿಸಬೇಕಾದರೆ ಆ ನಟ್ಟು ಬಿಚ್ಚಲೇಬೇಕು, ಹಾಗಾಗಿ ಮುಂದಿನ ವಾರ ವರ್ಕ್‌ಶಾಪಿಗೇ ಕೊಡ್ತಿದ್ದೀನಿ. ಅದೇ ವರ್ಕ್‌ಶಾಪಿಗೆ. ಫೋನ್ ಮಾಡಿ, ಬೆಲ್ಟು, ರೋಲರು ಮುಟ್ಟಬೇಡಿ, ಶೂ ಒಂದೇ, ಬಟ್ಟಲಿನ ಒಳಮೈ ಗೀರು ಬಿದ್ದಿದೆಯಾ ಅಂತ ನೋಡಿ ಹೇಳಿ ಅಂದೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಹೊತ್ತಿಗೆ ಬರ್ತೀರಮ್ಮಾ?" ಅಂತ ಕೇಳಿದರು. ಹತ್ತು ಗಂಟೆಗೆ ಬರ್ತೀನಿ, ಒಂದು ಸ್ಟೂಲ್ ಹಾಕಿಡಿ ಅಂದಿದ್ದೀನಿ.